ಚಂಡೀಗಢದ ಕುರ್ಚಿಗೆ ಲಕ್ಷಗಳ ಬೆಲೆ. ನಮ್ಮ ಅಟ್ಟದ ಮೇಲಿನ ಕುರ್ಚಿಗೆ ಎಷ್ಟು?

ಕೆಲವು ತಿಂಗಳಿಂದ ನಮ್ಮ ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಚಿತ್ರ ಸುತ್ತುತ್ತಿದೆ. ಬೆತ್ತದ ಆಸನ, ಬೆತ್ತದ ಬೆನ್ನು, ಎರಡೂ ಪಕ್ಕದಲ್ಲಿ ತಲೆಕೆಳಗು ಮಾಡಿದ ಇಂಗ್ಲಿಷ್ ‘ವಿ’ ಅಕ್ಷರದಂಥ ಕಾಲುಗಳು ಇರುವ ತೇಗದ ಕುರ್ಚಿ. ಕೆಳಗೆ ಬರಹ: ‘ಚಂಡೀಗಢದಲ್ಲಿ ಗುಜರಿಗೆ ಹೋದ ಈ ಕುರ್ಚಿ ವಿದೇಶದ ಹರಾಜಿನಲ್ಲಿ ಲಕ್ಷ ಲಕ್ಷಕ್ಕೆ ಮಾರಾಟವಾಗುತ್ತಿದೆ, ನಿಮ್ಮ ಮನೆಯ ಹಳೆ ಕುರ್ಚಿ ಬಿಸಾಡಬೇಡಿ.’

ಇದು ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ಕೆಲವರು ಅಜ್ಜನ ಕಾಲದ ಕುರ್ಚಿಗೆ ಕನಸಿನ ಬೆಲೆ ಕಟ್ಟಿಕೊಂಡು ಕೂತಿದ್ದಾರೆ. ಇನ್ನು ಕೆಲವರು, ಅದರಲ್ಲೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗರು, ಚಿನ್ನ ಮತ್ತು ಸೈಟಿನ ಬದಲು ‘ಮಿಡ್ ಸೆಂಚುರಿ’ ಕುರ್ಚಿಯ ಮೇಲೆ ದುಡ್ಡು ಹಾಕಲು ಹೊರಟಿದ್ದಾರೆ. ನಲವತ್ತು ವರ್ಷ ಪ್ಲೈವುಡ್, ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತವನಾದ್ದರಿಂದ ನನಗೆ ಫೋನು ಬರುತ್ತದೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಕುರ್ಚಿಯ ಕಥೆ. ದೇಶ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನದ ಪಾಲಾಯಿತು. ನಮ್ಮ ಕಡೆಯ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. 1951ರಲ್ಲಿ ಲೆ ಕಾರ್ಬ್ಯುಸಿಯೆ ಚಂಡೀಗಢದ ನಕ್ಷೆಗೆ ಕೈ ಹಾಕಿದರು. ಅವರು ವರ್ಷಕ್ಕೆ ಒಂದೆರಡು ಸಲ ಬಂದು ಹೋಗುವವರು. ಅಲ್ಲೇ ನೆಲೆಸಿ 1965ರವರೆಗೆ ಕೆಲಸ ನೋಡಿಕೊಂಡವರು ಅವರ ದಾಯಾದಿ, ಸ್ವಿಟ್ಜರ್ಲೆಂಡಿನ ಪಿಯರ್ ಜೀನರೆ. ಊರಿನ ಕಚೇರಿ, ಹೈಕೋರ್ಟು, ವಿಶ್ವವಿದ್ಯಾಲಯ, ಗ್ರಂಥಾಲಯ, ನೌಕರರ ಮನೆ ಎಲ್ಲಕ್ಕೂ ಕುರ್ಚಿ ಮೇಜು ಬೇಕಾಗಿತ್ತು, ದುಡ್ಡು ಕಡಿಮೆ. ಅಲ್ಲಿ ಸಿಗುವ ತೇಗ, ಶೀಶಮ್, ಬೆತ್ತ, ಅಲ್ಲಿನದೇ ಬಡಗಿಗಳು. ಆ ಅಳತೆಯೊಳಗೆ ಗಟ್ಟಿಯಾಗಿ, ಸುಲಭವಾಗಿ ಮಾಡಬಹುದಾದ ನಮೂನೆಗಳನ್ನು ಜೀನರೆ ಮತ್ತು ಅವರ ಜೊತೆಗಿದ್ದ ಭಾರತೀಯ ವಾಸ್ತುಶಿಲ್ಪಿಗಳು ತಯಾರಿಸಿದರು. ಯೂಲಿ ಚೌಧರಿ, ಆದಿತ್ಯ ಪ್ರಕಾಶ್ ಅಂಥವರ ಹೆಸರು ಹರಾಜಿನ ಪುಸ್ತಕದಲ್ಲಿ ಅಪರೂಪಕ್ಕೆ ಕಾಣುತ್ತದೆ. ಬಡಗಿಗಳ ಹೆಸರಂತೂ ಇಲ್ಲವೇ ಇಲ್ಲ.

ಗುಮಾಸ್ತರು ಕೂತು ಕೂತು ಬೆತ್ತ ಹರಿಯಿತು. ಸ್ಟೀಲು, ಪ್ಲಾಸ್ಟಿಕ್ ಬಂತು. ಹಳೆಯವು ಕಟ್ಟಡಗಳ ತಾರಸಿಯ ಮೇಲೆ, ಮೆಟ್ಟಿಲ ಕೆಳಗೆ ರಾಶಿ ಬಿದ್ದವು. ಇಲಾಖೆಗಳು ಅವನ್ನು ನಿರುಪಯುಕ್ತ ಎಂದು ಬರೆದು ಹರಾಜು ಹಾಕಿದವು. 1990ರ ದಶಕದ ಕೊನೆಯಿಂದ ಪ್ಯಾರಿಸ್ಸಿನ ಕೆಲವು ವ್ಯಾಪಾರಿಗಳು ಬಂದು ಆ ಹರಾಜುಗಳಲ್ಲಿ ರಾಶಿಗಟ್ಟಲೆ ಕೊಂಡರು. ಅದು ಕಳ್ಳತನವಲ್ಲ, ರಸೀದಿ ಪಡೆದೇ ಒಯ್ದರು. ಆಮೇಲೆ ಅವರು ಮಾಡಿದ ಕೆಲಸವನ್ನು ವ್ಯಾಪಾರಿಯಾಗಿ ನಾನು ಮೆಚ್ಚುತ್ತೇನೆ, ಸ್ವಲ್ಪ ಹೊಟ್ಟೆಯುರಿಯೂ ಇದೆ. ಪಾಲಿಶ್ ಮಾಡಿಸಿದರು, ಬೆತ್ತ ಹೊಸದಾಗಿ ಹೆಣೆಸಿದರು, ಪ್ರದರ್ಶನ ಇಟ್ಟರು, 2007ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿಗೆ ತಂದರು. 2010ರಲ್ಲಿ ಅವರಲ್ಲಿ ಒಬ್ಬರಾದ ಎರಿಕ್ ಟೂಶಾಲೋಮ್ ಇನ್ನೊಬ್ಬರೊಡನೆ ಸೇರಿ ಈ ಪೀಠೋಪಕರಣಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಇಂದು ಹರಾಜಿನಲ್ಲಿ ಒಂದೊಂದು ಕುರ್ಚಿಗೂ ‘ಪಿಜೆ’ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದಲ್ಲ, ಅದು ಚಂಡೀಗಢದ ಸರ್ಕಾರ ಕೊಟ್ಟದ್ದಲ್ಲ, ಆ ಪುಸ್ತಕದ್ದು. ಮಾಲು ಮಾರುವವರೇ ಮಾಲಿನ ಪಟ್ಟಿ ಬರೆದಿದ್ದಾರೆ. ಪಟ್ಟಿ ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಹೂಡಿಕೆ ಮಾಡುವವರಿಗೆ ಈ ಸಂಗತಿ ಗೊತ್ತಿರಬೇಕು.

ನಮ್ಮ ಸರ್ಕಾರಕ್ಕೆ ಎಚ್ಚರವಾಗುವಾಗ ತಡವಾಗಿತ್ತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳನ್ನು ಮಾರಬಾರದು, ಹರಾಜು ಹಾಕಬಾರದು ಎಂದು ಆದೇಶ ಮಾಡಿತು. ಉಳಿದವನ್ನು ಎಣಿಸಿದಾಗ 12,000ಕ್ಕೂ ಹೆಚ್ಚು ಸಿಕ್ಕವು. ಹಾಗಾದರೆ ಹೊರಗೆ ಹೋದವನ್ನು ಯಾಕೆ ವಾಪಸ್ ತರಲಾಗುವುದಿಲ್ಲ ಎಂದು ಹಲವರು ಕೇಳುತ್ತಾರೆ. 1972ರ ಪುರಾತನ ವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ಇಂಥ ವಸ್ತು ಪುರಾತನ ಎನಿಸಲು ಕನಿಷ್ಠ 100 ವರ್ಷವಾಗಿರಬೇಕು. 1955ರ ಕುರ್ಚಿಗೆ ಇನ್ನೂ ಬಹಳ ದೂರ ಇದೆ. ಮೇಲಾಗಿ ಮಾರಿದ್ದು ನಮ್ಮವರೇ. ಹೀಗಾಗಿ ವಿದೇಶದ ಪ್ರತಿ ಹರಾಜಿನ ಮುಂಚೆ ಇಲ್ಲಿಂದ ದೂರು ಹೋಗುತ್ತದೆ, ಹರಾಜು ನಡೆಯುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಆ ಸುದ್ದಿಯೇ ಬೆಲೆಯನ್ನು ಇನ್ನಷ್ಟು ಏರಿಸುತ್ತದೆ. ಚಂಡೀಗಢದ ನಕ್ಷೆ ಇರುವ ಚರಂಡಿಯ ಎರಕದ ಮುಚ್ಚಳವೂ ಹರಾಜಾಗಿದೆ ಎಂದ ಮೇಲೆ ಇನ್ನೇನು ಹೇಳೋಣ.

ಈ ಆದೇಶದಿಂದ ಕೊಳ್ಳುವವನಿಗೆ ಒಂದು ಮುಖ್ಯವಾದ ಮಾತು ಹೊರಡುತ್ತದೆ. 2011ಕ್ಕಿಂತ ಮೊದಲು ಇಲಾಖೆಯ ಹರಾಜಿನಲ್ಲಿ ಹೊರಬಿದ್ದ ಕುರ್ಚಿಗೆ ಕಾಗದ ಇರಬೇಕು. ಯಾವ ಇಲಾಖೆ, ಯಾವ ದಿನಾಂಕ, ಎಷ್ಟು ನಗ, ಯಾರ ಹೆಸರಿಗೆ ರಸೀದಿ. ಆ ಕಾಗದವಿಲ್ಲದೆ, ಮೇಲೆ ಇಲಾಖೆಯ ಅಕ್ಷರ ಇರುವ ಕುರ್ಚಿ ಇವತ್ತು ಮಾರುಕಟ್ಟೆಗೆ ಬಂದಿದ್ದರೆ ಎರಡೇ ಸಾಧ್ಯತೆ: ಒಂದೋ ಅದು ನಕಲಿ, ಇಲ್ಲವೇ ಎಲ್ಲಿಂದಲೋ ಎಗರಿಸಿದ್ದು. ಎರಡನೆಯದು ಅಸಲಿಯೇ ಆದರೂ ನಮ್ಮ ಮನೆಗೆ ಬರಬಾರದು.

ಈಗ ನಾನು ಕಣ್ಣಾರೆ ಕಂಡದ್ದು. ಪರಿಚಯದ ಕುಟುಂಬದ ಹುಡುಗ, ಸಾಫ್ಟ್‌ವೇರ್ ಕೆಲಸ, ಮದುವೆಯಾಗಿ ಎರಡು ವರ್ಷ. ಒಬ್ಬ ವ್ಯಾಪಾರಿ ಅವನಿಗೆ ಒಂದು ಜೊತೆ ‘ಚಂಡೀಗಢ ಅಸಲಿ’ ಕುರ್ಚಿಯನ್ನು ಆರು ಲಕ್ಷಕ್ಕೆ ಹೇಳಿದ್ದ. ಐದು ವರ್ಷದಲ್ಲಿ ಮೂರು ಪಟ್ಟು ಆಗುತ್ತದೆ ಎಂಬ ಮಾತು ಬೇರೆ. ಹುಡುಗ ಐವತ್ತು ಸಾವಿರ ಮುಂಗಡ ಕೊಟ್ಟಾಗಿತ್ತು. ‘ಕಾಕಾ, ಒಮ್ಮೆ ಬಂದು ನೋಡ್ರಿ’ ಎಂದ. ಹೋದೆ.

ಮೊದಲು ಕುರ್ಚಿಯನ್ನು ಮಗುಚಿ ನೋಡಿದೆ. ಮೇಲ್ಭಾಗ ಯಾರು ಬೇಕಾದರೂ ಹಳೆಯದು ಮಾಡಬಹುದು. ಚಹಾ ಡಿಕಾಕ್ಷನ್, ವಿನೆಗರ್‌ನಲ್ಲಿ ನೆನೆಸಿದ ಕಬ್ಬಿಣದ ಪುಡಿ, ಸರಪಳಿಯ ಪೆಟ್ಟು, ಇವೆಲ್ಲ ಹಳೇ ವಿದ್ಯೆ. ಅಡಿಭಾಗ ಸುಳ್ಳು ಹೇಳುವುದು ಕಷ್ಟ. ಅರವತ್ತು ವರ್ಷ ನೆಲದ ಮೇಲೆ ಎಳೆದಾಡಿದ ಕಾಲಿನ ತುದಿ ಒಂದೇ ಸಮ ಸವೆಯುವುದಿಲ್ಲ. ಮನುಷ್ಯ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಏಳುತ್ತಾನೆ, ಆದ್ದರಿಂದ ಹಿಂದಿನ ಅಂಚು ಜಾಸ್ತಿ ಸವೆದಿರಬೇಕು. ಈ ಜೊತೆಯ ಎಂಟೂ ತುದಿಗಳು ಒಂದೇ ರೀತಿ ಸವೆದಿದ್ದವು, ಅಂದರೆ ಉಜ್ಜಿದ್ದು. ಕೈ ಇಡುವ ಜಾಗವೂ ಅಷ್ಟೇ. ನಿಜವಾಗಿ ಬಳಸಿದ ಕುರ್ಚಿಯಲ್ಲಿ ಬೆರಳು ಬಾಗುವ ಕೊನೆಯಲ್ಲಿ ಹೊಳಪು ಹೆಚ್ಚಿರುತ್ತದೆ, ಮೊಣಕೈ ಊರುವಲ್ಲಿ ಪಾಲಿಶ್ ಹೋಗಿರುತ್ತದೆ. ಇಲ್ಲಿ ಉದ್ದಕ್ಕೂ ಒಂದೇ ಬಣ್ಣ.

ಹಳೆ ತೇಗವನ್ನು ಗುರುತಿಸಲು ಒಂದು ಸಣ್ಣ ಜಾಗ, ಯಾರಿಗೂ ಕಾಣದ ಕಡೆ, ಸ್ವಲ್ಪ ಕೆರೆಯಬೇಕು. ಮಾರುವವನ ಅನುಮತಿ ಕೇಳಿಯೇ. ಹಳೆ ಮರ ಹೊರಗೆ ಕಂದಿದ್ದು ಒಳಗೆ ಹೋದಂತೆ ನಿಧಾನ ತಿಳಿಯಾಗುತ್ತದೆ; ಬಣ್ಣ ಹಚ್ಚಿದ್ದಾದರೆ ಬಣ್ಣದ ಪದರ ಮುಗಿದ ಕೂಡಲೇ ಹಳದಿ ಮರ ಥಟ್ಟನೆ ಕಾಣುತ್ತದೆ. ಆದರೆ ಒಂದು ಎಚ್ಚರ. ಹಳೆ ಮನೆಯ ತೊಲೆ, ಬಾಗಿಲು ಕಿತ್ತ ತೇಗದಲ್ಲಿ ಹೊಸ ಕುರ್ಚಿ ಮಾಡುವವರಿದ್ದಾರೆ. ಆಗ ಮರ ನೂರು ವರ್ಷದ್ದೇ, ಕುರ್ಚಿ ಮೊನ್ನೆಯದು. ಅಂಥದ್ದರಲ್ಲಿ ಕುರ್ಚಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಹಳೆ ಮೊಳೆಯ ತೂತು, ಅದನ್ನು ಮುಚ್ಚಿದ ಮೇಣ ಸಿಗುತ್ತದೆ.

ಜೋಡಣೆ ನೋಡಬೇಕು. ಒಂದು ತುಂಡಿನ ಮೂತಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ ಅಂಟು ಹಾಕಿದ ಕೈಕೆಲಸದಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಚಂಡೀಗಢದ ಕುರ್ಚಿಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಬೇರೆ ಬೇರೆ ಕೈಗಳು ಮಾಡಿದವು, ಎರಡು ಕುರ್ಚಿ ತದ್ರೂಪ ಇರುವುದಿಲ್ಲ. ಈ ಗುಣವೇ ನಕಲಿ ಮಾಡುವವನಿಗೂ ಅನುಕೂಲ, ಅಳತೆ ತಪ್ಪಿದರೆ ‘ಕೈಕೆಲಸ ಸ್ವಾಮಿ’ ಎನ್ನುತ್ತಾನೆ. ಸ್ಕ್ರೂ ಬಿಚ್ಚಿ ನೋಡಿದರೆ ನಾಲ್ಕು ಮೂಲೆಯ ನಕ್ಷತ್ರದ ತಲೆಯದ್ದು, ಥಳಥಳ. ರಿಪೇರಿಯಲ್ಲಿ ಹಾಕಿದ್ದು ಎಂದ. ಇರಬಹುದು. ಬೆನ್ನಿನ ಹಿಂದೆ ಬಿಳಿ ಬಣ್ಣದಲ್ಲಿ ಇಲಾಖೆಯ ಅಕ್ಷರ, ಅಂಕೆ. ಅದರ ಅಂಚು ಚೂಪಾಗಿ, ಸವೆದ ಪಾಲಿಶ್‌ನ ಮೇಲೆ ಕೂತಿತ್ತು. ಹಳೆ ಕುರ್ಚಿಯಲ್ಲಿ ಅಕ್ಷರವೂ ಪಾಲಿಶ್ ಜೊತೆಗೇ ಸವೆದಿರಬೇಕಲ್ಲವೇ?

ಕೊನೆಗೆ ಕಾಗದ ಕೇಳಿದೆ. ‘ಪ್ರಮಾಣಪತ್ರ’ ಕೊಟ್ಟ. ಚಿನ್ನದ ಬಣ್ಣದ ಅಂಚು, ಮೊಹರು, ಸಹಿ. ಸಹಿ ಯಾರದು ನೋಡಿದರೆ ಅವನದೇ. ಹರಾಜಿನ ರಸೀದಿ ಇದೆಯೇ ಎಂದರೆ ‘ಕೊಟ್ಟವರು ಕೊಡಲಿಲ್ಲ’ ಎಂದ. ಹುಡುಗ ಮುಂಗಡ ವಾಪಸ್ ಕೇಳಿದ. ಮೂವತ್ತು ಸಾವಿರ ಬಂತು, ಇಪ್ಪತ್ತು ಹೋಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ ಅಂತ ಕಾಣುತ್ತದೆ.

ನಕಲು ಮಾಡುವುದು ತಪ್ಪೇ ಎಂದು ಅವನು ಕೇಳಿದ, ಅದು ಒಳ್ಳೆಯ ಪ್ರಶ್ನೆ. ನಮ್ಮ ದೇಶದಲ್ಲಿ ನೋಂದಾಯಿಸಿದ ವಿನ್ಯಾಸಕ್ಕೂ ಗರಿಷ್ಠ 15 ವರ್ಷದ ರಕ್ಷಣೆ. 1950ರ ದಶಕದ ಈ ನಮೂನೆಗಳನ್ನು ಇಂದು ಹಲವರು ಬಹಿರಂಗವಾಗಿ, ಹೊಸದು ಎಂದು ಹೇಳಿಯೇ ಮಾಡುತ್ತಾರೆ. ಇಟಲಿಯ ಕಸೀನಾ ಮಾಡುತ್ತದೆ. ನಮ್ಮ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ತೇಗ, ಬೆತ್ತದಲ್ಲಿ ಮಾಡಿ ವಿದೇಶಕ್ಕೂ ಕಳುಹಿಸುತ್ತದೆ. ಕೂರಲು ಒಳ್ಳೆ ಕುರ್ಚಿ ಬೇಕೆಂದರೆ ಹೊಸದನ್ನು ಹೊಸದರ ಬೆಲೆಗೆ ಕೊಳ್ಳುವುದರಲ್ಲಿ ಯಾವ ಮೋಸವೂ ಇಲ್ಲ. ಹೊಸದಕ್ಕೆ ಹಳೆಯದರ ಕಥೆ ಅಂಟಿಸಿ ಮಾರುವುದು ಮೋಸ.

ಹೂಡಿಕೆಯ ಲೆಕ್ಕಕ್ಕೆ ಬರೋಣ. ಪತ್ರಿಕೆಯಲ್ಲಿ ಬರುವ ಹರಾಜಿನ ಬೆಲೆಯಲ್ಲಿ ಸಾಮಾನ್ಯವಾಗಿ ಹರಾಜು ಸಂಸ್ಥೆ ಕೊಳ್ಳುವವನಿಂದ ವಸೂಲು ಮಾಡುವ ಕಮಿಷನ್ನೂ ಸೇರಿರುತ್ತದೆ. ಸುಮ್ಮನೆ ಉದಾಹರಣೆಗೆ, ಸುತ್ತಿಗೆ ಬಿದ್ದ ಬೆಲೆ 10 ಲಕ್ಷ ಎನ್ನಿ. ಕೊಂಡವನು ಶೇ. 25 ಸೇರಿಸಿ 12.5 ಲಕ್ಷ ಕೊಡುತ್ತಾನೆ. ಮಾರಿದವನಿಗೆ ಶೇ. 10 ಕಳೆದು 9 ಲಕ್ಷ ಬರುತ್ತದೆ, ಅದರಲ್ಲಿ ಸಾಗಣೆ, ವಿಮೆ, ಫೋಟೋ ಖರ್ಚು ಬೇರೆ. ಅಂದರೆ ಇವತ್ತು ಕೊಂಡದ್ದನ್ನು ನಾಳೆಯೇ ಅದೇ ಬೆಲೆಗೆ ಹರಾಜಿಗೆ ಇಟ್ಟರೆ 3.5 ಲಕ್ಷ, ನೂರಕ್ಕೆ ಇಪ್ಪತ್ತೆಂಟು ಹೋಯಿತು. ಚಿನ್ನ ಮಾರುವಾಗ ಇಷ್ಟು ಹೋದರೆ ನಮ್ಮ ಹೆಂಗಸರು ಅಂಗಡಿಯವನನ್ನು ಬಿಡುತ್ತಾರೆಯೇ? ಚಿನ್ನಕ್ಕೆ ದಿನದ ದರ ಇದೆ, ಕುರ್ಚಿಗೆ ಇಲ್ಲ. ಕೊಳ್ಳುವವನು ಸಿಕ್ಕ ದಿನವೇ ಅದರ ದರ. ಮೇಲಿಂದ ಗೆದ್ದಲು, ಮಲೆನಾಡು ಕರಾವಳಿಯಲ್ಲಿ ಮಳೆಗಾಲದ ತೇವ, ಬೆತ್ತಕ್ಕೆ ಬೂಷ್ಟು. ಮನೆ ಬಳಕೆಯ ಸಾಮಾನು ಮಾರಿದ ದುಡ್ಡನ್ನೂ ಹೂಡಿಕೆಗೆಂದೇ ಕೊಂಡಿಟ್ಟು ಮಾರಿದ್ದನ್ನೂ ಆದಾಯ ತೆರಿಗೆಯವರು ಒಂದೇ ಕಣ್ಣಿನಿಂದ ನೋಡುವುದಿಲ್ಲ. ನಿಮ್ಮ ಆಡಿಟರನ್ನು ಕೇಳಿ.

ಅಮೆರಿಕ, ಯೂರೋಪಿನ ಅದೇ ಕಾಲದ ಹೆಸರಾಂತ ಕುರ್ಚಿಗಳನ್ನೂ ಈಗ ಇಲ್ಲಿ ಮಾರುತ್ತಾರೆ. ಅವುಗಳಲ್ಲಿ ನಮ್ಮ ಮನೆಗಳವರು ನೋಡಬೇಕಾದ ಒಂದು ವಿಷಯವನ್ನು ಯಾವ ಮಾರಾಟಗಾರನೂ ತಾನಾಗಿ ಹೇಳುವುದಿಲ್ಲ. 1956ರ ಈಮ್ಸ್ ಲೌಂಜ್ ಕುರ್ಚಿ ಬಹಳ ಪ್ರಸಿದ್ಧ, ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯದು. ಅದರ ಹೊದಿಕೆ ಚರ್ಮ, ಮೊದಮೊದಲಿನವುಗಳ ದಿಂಬಿನೊಳಗೆ ಹಕ್ಕಿಯ ಪುಕ್ಕ. ಚರ್ಮ ತೆಗೆದು ರೆಕ್ಸಿನ್ ಹಾಕಿಸಿದರೆ ಹೂಡಿಕೆಯ ಬೆಲೆ ಬಿದ್ದುಹೋಗುತ್ತದೆ, ಇಟ್ಟುಕೊಂಡರೆ ಅಜ್ಜಿ ಆ ಕೋಣೆಗೆ ಕಾಲಿಡುವುದಿಲ್ಲ. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ ಅವರ ‘ವಿಷ್‌ಬೋನ್’ ಕುರ್ಚಿಯ ಆಸನ ಕಾಗದದ ಹುರಿಯಿಂದ ಹೆಣೆದದ್ದು, ಅಲ್ಲಿ ಈ ತೊಂದರೆ ಇಲ್ಲ. ಚಂಡೀಗಢದವುಗಳಲ್ಲಿ ಬೆತ್ತದವೇ ಹೆಚ್ಚು ಹೆಸರಾದವು, ಆದರೆ ಚರ್ಮ ಹೊದಿಸಿದ ನಮೂನೆಗಳೂ ಇವೆ. ಇನ್ನು ಹಳೆ ಸಾಮಾನಿನ ಅಂಟನ್ನು ಹಲವು ಕಡೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುತ್ತಿದ್ದರು, ಫ್ರೆಂಚ್ ಪಾಲಿಶ್ ಅರಗಿನದು, ಅರಗು ಹುಳುವಿನಿಂದ ಬರುವುದು. ಅಜ್ಜನ ಮೇಜನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಹೊಸದಾಗಿ ದುಡ್ಡು ಕೊಟ್ಟು ತರುವಾಗ, ರಿಪೇರಿ ಮಾಡಿಸುವಾಗ ಕೇಳಿ ತಿಳಿದುಕೊಳ್ಳಿ. ಬೇರೆ ಅಂಟು, ಬೇರೆ ಪಾಲಿಶ್ ಎರಡೂ ಸಿಗುತ್ತವೆ.

ಮಕ್ಕಳು ಹೊರದೇಶದಲ್ಲಿರುವವರು ಒಂದು ಗಮನಿಸಿ. ಬೀಟೆ ಮತ್ತು ಶೀಶಮ್ ಎರಡೂ 2017ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಮನೆಯ ದೊಡ್ಡ ಬೀಟೆ ಮೇಜನ್ನು ಹಡಗಿನಲ್ಲಿ ಕಳುಹಿಸುವ ಮೊದಲು ಕಾಗದಪತ್ರ ಏನು ಬೇಕು ವಿಚಾರಿಸಿ, ಇಲ್ಲದಿದ್ದರೆ ಬಂದರಿನಲ್ಲಿ ನಿಲ್ಲುತ್ತದೆ. ತೇಗಕ್ಕೆ ಆ ಪಟ್ಟಿಯ ಅಡ್ಡಿ ಇಲ್ಲ.

ಈ ಕಾಲದ ಕಥೆಯಲ್ಲಿ ನಮ್ಮವರ ಹೆಸರೂ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. ಚಂಡೀಗಢಕ್ಕೆ ಬರುತ್ತಿದ್ದ ಕಾರ್ಬ್ಯುಸಿಯೆ ಅವರನ್ನು ಅಹಮದಾಬಾದಿಗೆ ಕರೆಸಿಕೊಂಡವರು ಅಲ್ಲಿನ ಗಿರಣಿ ಮಾಲೀಕರು. ಮನೋರಮಾ ಸಾರಾಭಾಯಿ ಅವರ ಮನೆ, ಸುರೋತ್ತಮ ಹಥೀಸಿಂಗ್ ಅವರಿಗೆಂದು ಶುರುವಾದ ಮನೆ, ಗಿರಣಿ ಮಾಲೀಕರ ಸಂಘದ ಕಟ್ಟಡ ಎಲ್ಲ ಅವರ ಕೆಲಸ. ಸಾರಾಭಾಯಿ, ಹಥೀಸಿಂಗ್ ಎರಡೂ ಜೈನ ಮನೆತನಗಳು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸುತ್ತಿ ಒಂದು ವರದಿ ಕೊಟ್ಟರು. ಕುರ್ಚಿಗೆ ಹೆಸರಾದ ಆ ದಂಪತಿ ಅದರಲ್ಲಿ ಅತಿ ಹೆಚ್ಚು ಹೊಗಳಿದ್ದು ನಮ್ಮ ಮನೆಗಳ ತಂಬಿಗೆಯನ್ನು. ಅದರ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂತು, ಕಟ್ಟಿ ಬೆಳೆಸಿದವರು ಗೌತಮ್ ಮತ್ತು ಗಿರಾ ಸಾರಾಭಾಯಿ. ಮರದ ಕೆಲಸದಲ್ಲಿ ದೊಡ್ಡ ಹೆಸರಾದ ಜಾರ್ಜ್ ನಾಕಾಶಿಮಾ 1964ರಲ್ಲಿ ಅಲ್ಲಿಗೆ ಬಂದು ಪೀಠೋಪಕರಣ ರೂಪಿಸಿದರು.

ಈಗ ನಮ್ಮ ಅಟ್ಟದ ಕುರ್ಚಿ. ಕರ್ನಾಟಕದ ಹಳೆ ಮನೆಗಳಲ್ಲಿರುವ ತೇಗದ ಆರಾಮ ಕುರ್ಚಿ, ಬೆತ್ತದ ಬೆಂಚು, ಬೀಟೆ ಮೇಜು ಬಹುಪಾಲು ಊರಿನ ಆಚಾರಿ ಮಾಡಿದವು. ಅವಕ್ಕೆ ವಿದೇಶದ ಹರಾಜಿನ ಬೆಲೆ ಬರುವುದಿಲ್ಲ, ಬರುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಆದರೆ ಗುಜರಿಯವನು ಹೇಳುವ ಬೆಲೆಯೂ ಅಲ್ಲ. ಅಂಥ ಅಗಲದ ಪಕ್ವ ಮರ ಇವತ್ತು ಅಂಗಡಿಯಲ್ಲಿ ಕೇಳಿದರೆ ಸುಲಭಕ್ಕೆ ಸಿಗದು. ಆದ್ದರಿಂದ ಮಾರಲೇಬೇಕಾದರೆ ಮೊದಲು ಉದ್ದ, ಅಗಲ, ದಪ್ಪ ಅಳೆದು ಘನ ಅಡಿ ಲೆಕ್ಕ ಹಾಕಿಸಿ, ಆ ಮರದ ಇವತ್ತಿನ ದರ ಕೇಳಿ. ಅದು ಕನಿಷ್ಠ ಬೆಲೆ ಎಂದುಕೊಂಡು ಮಾತಿಗೆ ಕೂಡಿ. ಮಾರುವ ಮುಂಚೆ ಹೊಸ ಪಾಲಿಶ್ ಮಾಡಿಸಲು ಹೋಗಬೇಡಿ. ತಿಳಿದು ಕೊಳ್ಳುವವನಿಗೆ ಹಳೆ ಮೈ ಬೇಕು, ಹೊಳಪನ್ನು ಅವನೇ ಕೊಟ್ಟುಕೊಳ್ಳುತ್ತಾನೆ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ನಾನು ಸೇವೆ ಮಾಡುತ್ತಿದ್ದ ಒಂದು ವಿದ್ಯಾರ್ಥಿ ನಿಲಯದಲ್ಲಿ 1998ರಲ್ಲಿ ನವೀಕರಣವಾಯಿತು. ಊಟದ ಮನೆಯ ಉದ್ದನೆ ತೇಗದ ಬೆಂಚುಗಳು, ಓದುವ ಮೇಜುಗಳು, ದಾನಿಗಳ ಹೆಸರು ಕೊರೆದ ಕುರ್ಚಿಗಳು. ಸ್ಟೀಲಿನ ಹೊಸ ಸಾಮಾನು ಬರುವ ಸಂಭ್ರಮದಲ್ಲಿ ಕಮಿಟಿಯವರೆಲ್ಲ ಸೇರಿ ಅವನ್ನು ತೂಕಕ್ಕೆ ಕೊಟ್ಟೆವು. ಕೆಳಗೆ ನನ್ನ ಸಹಿಯೂ ಇದೆ. ಮರದ ವ್ಯಾಪಾರದ ಪಕ್ಕದಲ್ಲೇ ಇದ್ದ ನಾನು ಆವತ್ತು ಬಾಯಿ ತೆರೆಯಲಿಲ್ಲ. ಚಂಡೀಗಢದ ಅಧಿಕಾರಿಗಳನ್ನು ಬೈಯುವವರು ಕಂಡಾಗ ನನಗೆ ಆ ಟೆಂಪೊ ಹೊರಟದ್ದು ನೆನಪಾಗುತ್ತದೆ. ಆ ಕುರ್ಚಿಗಳಿಗೆ ಲಕ್ಷ ಬರುತ್ತಿರಲಿಲ್ಲ. ಆದರೆ ಅವು ಕೊಟ್ಟವರ ಮನೆಯವರು ಇವತ್ತಿಗೂ ನಿಲಯಕ್ಕೆ ಬಂದಾಗ ‘ನಮ್ಮ ಅಜ್ಜ ಕೊಟ್ಟ ಕುರ್ಚಿ ಎಲ್ಲಿ’ ಎಂದು ಕೇಳುತ್ತಾರೆ.

ಬಸದಿ, ಛತ್ರ, ಪಾಠಶಾಲೆಗಳ ಕಮಿಟಿಯಲ್ಲಿರುವವರಿಗೆ ಹೀಗಾಗಿ ಒಂದು ಬೇಡಿಕೆ. ಹಳೆ ಸಾಮಾನಿಗೆ ಒಂದು ರಿಜಿಸ್ಟರ್ ಇಡಿ. ಪ್ರತಿ ನಗಕ್ಕೂ ಸಂಖ್ಯೆ, ಫೋಟೋ, ಅಳತೆ, ಯಾವ ಮರ, ಯಾರು ಕೊಟ್ಟದ್ದು, ಯಾವ ವರ್ಷ. ವಿಲೇವಾರಿ ಮಾಡುವಾಗ ಎರಡು ಕಡೆ ದರ ಕೇಳಿ ಬರೆದಿಡಿ, ದಾನಿಯ ಮನೆಯವರಿಗೆ ಮೊದಲು ತಿಳಿಸಿ. ಆ ನಿಲಯದಲ್ಲಿ ಮೆಟ್ಟಿಲ ಕೆಳಗೆ ಮರೆತುಹೋಗಿದ್ದ ಆರು ಬೆಂಚು ಉಳಿದಿದ್ದವು. ಕಳೆದ ತಿಂಗಳು ಅವಕ್ಕೆ ಒಂದರಿಂದ ಆರರವರೆಗೆ ಸಂಖ್ಯೆ ಬರೆಸಿದೆವು. ನಾಲ್ಕನೆಯದರ ಒಂದು ಕಾಲು ಹುಳು ತಿಂದಿದೆ, ಆಚಾರಿ ದೀಪಾವಳಿ ಕಳೆದ ಮೇಲೆ ಬರುತ್ತೇನೆ ಎಂದಿದ್ದಾರೆ.